ಏಳಲೇ ಮನಸ್ಸು ಬಾರದಿದ್ದಾಗ

2022ರ ಸೆಪ್ಟೆಂಬರ್ ತಿಂಗಳ ಮೊದಲ ವಾರ. ಮಾರಿಕಣಿವೆಯ ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿದ್ದಿತ್ತು. 1933ರಲ್ಲಿ ಕೋಡಿ ಹರಿದದ್ದನ್ನು ಕಣ್ಣಾರೆ ಕಂಡವರು ಈಗ ಎಲ್ಲಿ ಸಿಗುತ್ತಾರೆ? ಹಾಗಾಗಿ ಹಿರಿಯೂರು, ಹೊಸದುರ್ಗ, ಚಳ್ಳಕೆರೆ, ಚಿತ್ರದುರ್ಗ ಎಲ್ಲ ಕಡೆಯಿಂದಲೂ ಜನ ಟೆಂಪೊ, ಟ್ರ್ಯಾಕ್ಟರು, ಬೈಕುಗಳಲ್ಲಿ ಜಾತ್ರೆಗೆ ಹೊರಟಂತೆ ಹೊರಟು ನೀರು ನೋಡಿ ಬಂದರು. ಹಿರಿಯೂರು ತಾಲ್ಲೂಕಿನ ಹಳ್ಳಿಯೊಂದರಿಂದ ಒಂದು ಮನೆಯವರೂ ಬುತ್ತಿ ಕಟ್ಟಿಕೊಂಡು ಹೊರಟರು. ಮನೆಯ ಯಜಮಾನರು ಮಾತ್ರ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವರು ಹೊರಳಲೂ ಇಲ್ಲ. 'ನೀವು ಹೋಗ್ ಬನ್ನಿ' ಎಂದಷ್ಟೇ ಹೇಳಿದರು.

ಮರುವಾರ ಅವರ ಹೆಂಡತಿ ಅವರನ್ನು ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. 'ಸುಸ್ತು ಅಂತ ಯಾವಾಗ್ಲೂ ಮಲಗೇ ಇರ್ತಾರೆ ಡಾಕ್ಟ್ರೇ. ಒಂದು ಬಾಟ್ಲಿ ಗ್ಲೂಕೋಸ್ ಹಾಕಿ ಕಳಿಸಿಬಿಡಿ' ಎಂಬುದು ಅವರ ಕೋರಿಕೆ.

ಐವತ್ತನಾಲ್ಕು ವರ್ಷದ ಈ ರೈತರ ಕಥೆ ನಮ್ಮ ಕಡೆಯವರಿಗೆ ಹೊಸದಲ್ಲ. 2016-17ರ ಬರದಲ್ಲಿ ತೆಂಗಿನ ತೋಟ ಸುಳಿ ಒಣಗಿ ನಿಂತಿತು. ಮೂರು ಕೊಳವೆಬಾವಿ ಕೊರೆಸಿದರು, ಮೂರರಲ್ಲೂ ಧೂಳು. ಟ್ಯಾಂಕರಿನಲ್ಲಿ ನೀರು ಹಾಕಿಸಿ ಸಾಲ ಬೆಳೆಯಿತು. ಆಗ ಅವರು ಕೊರಗಿದರು, ಊಟ ಬಿಟ್ಟರು, ಒಬ್ಬರೇ ಕೂತು ಅತ್ತರು. ಅದು ಎಲ್ಲರಿಗೂ ಅರ್ಥವಾಗುತ್ತಿತ್ತು. ಆದರೆ ಈಗ ಮಳೆ ಬಂದಿದೆ. ಕೊಳವೆಬಾವಿಯಲ್ಲಿ ನೀರು ಮೇಲೇರಿದೆ. ಮಗ ಹೊಸ ಸಸಿ ತಂದು ಮನೆ ಮುಂದೆ ಸಾಲಾಗಿ ಇಟ್ಟಿದ್ದಾನೆ. ಸಾಲವೂ ಅರ್ಧಕ್ಕೆ ಇಳಿದಿದೆ. ಹಾಗಿದ್ದೂ ಇವರು ಏಳುತ್ತಿಲ್ಲ. ಬಂಧುಗಳು ತೀರ್ಪು ಕೊಟ್ಟಾಗಿತ್ತು: 'ಮಗ ದುಡಿದು ಹಾಕ್ತಾನೆ. ಮೈಗಳ್ಳತನ ಕಲಿತಿದಾನೆ.'

ರೋಗಿಯನ್ನೇ ಕೇಳಿದೆ. 'ದುಃಖ ಅಂತ ಏನೂ ಇಲ್ಲ ಡಾಕ್ಟ್ರೇ. ಅಳೂನೂ ಬರಲ್ಲ ಈಗ. ಏನೂ ಬ್ಯಾಡ ಅನ್ನಿಸ್ತದೆ, ಅಷ್ಟೇ' ಎಂದರು. (ಗುರುತು ಸಿಗದಂತೆ ಈ ಲೇಖನದಲ್ಲಿ ಬರುವ ರೋಗಿಗಳ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಖಿನ್ನತೆ ಎಂದರೆ ಅಳುವುದು, ದುಃಖಪಡುವುದು ಎಂದೇ ನಾವು ತಿಳಿದಿದ್ದೇವೆ. ಇದು ಅರ್ಧ ಸತ್ಯ. ಖಿನ್ನತೆಯ ಮುಖ್ಯ ಲಕ್ಷಣಗಳು ಎರಡು. ಒಂದು, ಸದಾ ಮಂಕು ಕವಿದ ಮನಸ್ಸು. ಇನ್ನೊಂದು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಹಿಂದೆ ಖುಷಿ ಕೊಡುತ್ತಿದ್ದ ಯಾವುದೂ ಈಗ ಖುಷಿ ಕೊಡದಿರುವುದು. ಇವೆರಡರಲ್ಲಿ ಒಂದಿದ್ದರೂ ಸಾಕು. ಅದರ ಜೊತೆಗೆ ನಿದ್ದೆ ಕೆಡುವುದು, ಹಸಿವು ಇಂಗುವುದು, ಮೈಯೆಲ್ಲ ಭಾರ, ಮಾತು ನಡಿಗೆ ನಿಧಾನವಾಗುವುದು, ಗಮನ ನಿಲ್ಲದಿರುವುದು, 'ನಾನು ಯಾರಿಗೂ ಬೇಡದವನು' ಎಂಬ ಭಾವನೆ, ಸಾವಿನ ಯೋಚನೆ, ಇವುಗಳಲ್ಲಿ ಹಲವು ಸೇರಿ ಎರಡು ವಾರಕ್ಕೂ ಮೀರಿ ದಿನದ ಬಹುಹೊತ್ತು ಉಳಿದರೆ ಅದನ್ನು ಖಿನ್ನತೆ ಕಾಯಿಲೆ ಎಂದು ವೈದ್ಯರು ಪರಿಗಣಿಸುತ್ತಾರೆ. ಅಂದರೆ ಒಂದು ತೊಟ್ಟು ಕಣ್ಣೀರು ಹಾಕದೆಯೂ ಮನುಷ್ಯ ತೀವ್ರ ಖಿನ್ನತೆಯಲ್ಲಿರಬಹುದು. ಇಂಥವರೇ ಮನೆಯವರ ಕಣ್ಣಿಗೆ ಸೋಮಾರಿಗಳಾಗಿ ಕಾಣುವುದು.

ನಿಜ ಹೇಳಬೇಕೆಂದರೆ ವೈದ್ಯರ ಕಣ್ಣಿಗೂ ಇವರು ಬೀಳುವುದು ಕಷ್ಟ. ನಾನು ಮನೋವೈದ್ಯನಲ್ಲ, ಎಂಬಿಬಿಎಸ್ ಓದಿದ ಸಾಮಾನ್ಯ ವೈದ್ಯ. ಹೊಳಲ್ಕೆರೆಯಲ್ಲಿ ವೃತ್ತಿ ಆರಂಭಿಸಿದ ಮೊದಲ ವರ್ಷಗಳಲ್ಲಿ 'ಸುಸ್ತು' ಎಂದು ಬಂದವರಿಗೆಲ್ಲ ಬಿ ಕಾಂಪ್ಲೆಕ್ಸ್ ಚುಚ್ಚುಮದ್ದು, ಕೆಂಪು ಬಣ್ಣದ ಟಾನಿಕ್ಕು, ತೀರಾ ಒತ್ತಾಯಿಸಿದರೆ ಒಂದು ಡ್ರಿಪ್ಪು ಕೊಟ್ಟು ಕಳುಹಿಸುತ್ತಿದ್ದೆ. ಎರಡು ದಿನ ಚೆನ್ನಾಗಿರುತ್ತಿದ್ದರು, ಮತ್ತೆ ಬರುತ್ತಿದ್ದರು. ಅವರಲ್ಲಿ ಎಷ್ಟು ಜನಕ್ಕೆ ಖಿನ್ನತೆಯಿತ್ತೋ ಈಗ ಲೆಕ್ಕ ಹಾಕಲಾರೆ. ಈಗ ಸುಸ್ತೆಂದು ಬಂದವರಿಗೆಲ್ಲ ಎರಡು ಪ್ರಶ್ನೆ ತಪ್ಪದೆ ಕೇಳುತ್ತೇನೆ. ಕಳೆದ ಎರಡು ವಾರದಲ್ಲಿ ಮನಸ್ಸು ಮಂಕಾಗಿದೆಯೇ, ನಿರಾಶೆ ಕಾಡಿದೆಯೇ? ಕೆಲಸ, ಮಾತುಕತೆ, ಹಬ್ಬ ಹರಿದಿನ ಯಾವುದರಲ್ಲೂ ಆಸಕ್ತಿ ಇಲ್ಲವೆನಿಸಿದೆಯೇ? ಮನೆಯವರೂ ಇವನ್ನು ಕೇಳಬಹುದು. ಒಂದಕ್ಕೆ 'ಹೌದು' ಎಂಬ ಉತ್ತರ ಬಂದರೂ ವೈದ್ಯರನ್ನು ಕಾಣುವುದು ಒಳ್ಳೆಯದು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು 20ಕ್ಕೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಅನುಭವಿಸುತ್ತಾರೆ. ಖಿನ್ನತೆ ಇದ್ದವರಲ್ಲಿ ನೂರಕ್ಕೆ 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಆ 85ರಲ್ಲಿ ಟಾನಿಕ್ ಕುಡಿದವರು ಎಷ್ಟು ಮಂದಿಯೋ!

ಮೊದಲು ಮೈ ಪರೀಕ್ಷೆ

ಎಲ್ಲ ನಿರುತ್ಸಾಹವೂ ಖಿನ್ನತೆಯಲ್ಲ ಎಂಬುದನ್ನೂ ಮರೆಯಬಾರದು. ರಕ್ತಹೀನತೆ, ಥೈರಾಯ್ಡ್ ಗ್ರಂಥಿ ಮಂದವಾಗಿರುವುದು, ಬಿ12 ಜೀವಸತ್ವದ ಕೊರತೆ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಕ್ಷಯ, ಇವೆಲ್ಲವೂ ಮನುಷ್ಯನನ್ನು ಮೂಲೆ ಹಿಡಿಸಬಲ್ಲವು. ರಕ್ತದೊತ್ತಡಕ್ಕೆ ಕೊಡುವ ಕೆಲವು ಗುಳಿಗೆಗಳಿಂದಲೂ ಆಯಾಸ ಬರುತ್ತದೆ. ಸಂಜೆಯ ಹೆಂಡದಿಂದ ಬೆಳಗಿನ ಉತ್ಸಾಹ ಹಾಳಾಗುತ್ತದೆ ಎಂಬುದನ್ನು ಕುಡಿಯುವವರು ಒಪ್ಪುವುದಿಲ್ಲ, ಆದರೂ ಅದು ನಿಜ. ಆದ್ದರಿಂದ ಮೊದಲು ಒಂದಿಷ್ಟು ರಕ್ತ ಪರೀಕ್ಷೆ ಮಾಡಿಸುವುದು ಕ್ರಮ.

ಎಪ್ಪತ್ತು ದಾಟಿದವರಲ್ಲಿ ಇನ್ನೊಂದು ಎಚ್ಚರ ಬೇಕು. ತಾತ ಸುಮ್ಮನೆ ಕೂತಿರುತ್ತಾರೆ, ದುಃಖವಿಲ್ಲ, ಚಿಂತೆಯಿಲ್ಲ, ತಮ್ಮ ಸ್ಥಿತಿಯ ಬಗ್ಗೆ ಕೊರಗೂ ಇಲ್ಲ, ಜೊತೆಗೆ ಮರೆವು ಹೆಚ್ಚಿದೆ ಅಥವಾ ಕೈ ನಡುಗುತ್ತದೆ, ನಡಿಗೆ ಕುಂಟುತ್ತದೆ ಎಂದರೆ ಅದು ಮರೆವಿನ ಕಾಯಿಲೆ ಅಥವಾ ಪಾರ್ಕಿನ್ಸನ್ ಕಾಯಿಲೆಯ ಭಾಗವಾಗಿರಬಹುದು. ಖಿನ್ನತೆಯವರು ತಮ್ಮ ಸ್ಥಿತಿಗೆ ಸಾಮಾನ್ಯವಾಗಿ ನೊಂದುಕೊಳ್ಳುತ್ತಾರೆ, 'ನನ್ನಿಂದ ಎಲ್ಲರಿಗೂ ತೊಂದರೆ' ಎನ್ನುತ್ತಾರೆ. ಇವೆರಡಕ್ಕೆ ಚಿಕಿತ್ಸೆ ಬೇರೆ ಬೇರೆ.

ನಮ್ಮ ರೈತರ ರಕ್ತ ಪರೀಕ್ಷೆ ಎಲ್ಲವೂ ಸರಿಯಾಗಿಯೇ ಬಂತು. ಆಗ ಅವರ ಹೆಂಡತಿ ಕೇಳಿದ ಪ್ರಶ್ನೆಯನ್ನು ನಾನು ಎಷ್ಟೋ ಬಾರಿ ಕೇಳಿದ್ದೇನೆ: 'ಎಲ್ಲಾ ಸರಿಯಾಗಿದೆ ಅಂದ್ರೆ ಕಾಯಿಲೆ ಇಲ್ಲ ಅಂತ ತಾನೇ?'

ಕೆಟ್ಟಿರುವುದು ತಕ್ಕಡಿ

ಕಾಯಿಲೆ ಇದೆ, ರಕ್ತದಲ್ಲಿ ಕಾಣುವುದಿಲ್ಲ, ಅಷ್ಟೆ. ಅದು ಏನು ಕೆಡಿಸುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ನಾವು ಯಾವುದೇ ಕೆಲಸಕ್ಕೆ ಕೈ ಹಾಕುವ ಮುನ್ನ ಮಿದುಳು ನಮಗೆ ಗೊತ್ತಿಲ್ಲದೆಯೇ ಒಂದು ಲೆಕ್ಕ ಹಾಕುತ್ತದೆ. ಇದಕ್ಕೆ ಶ್ರಮ ಎಷ್ಟು, ಬರುವ ಸುಖ ಎಷ್ಟು? ಸುಖದ ತೂಕ ಹೆಚ್ಚೆಂದು ಕಂಡರೆ ಕಾಲು ತಾನಾಗಿ ಏಳುತ್ತದೆ. ಈ ಲೆಕ್ಕದಲ್ಲಿ ಮಿದುಳಿನ ಡೋಪಮೈನ್ ಎಂಬ ರಾಸಾಯನಿಕಕ್ಕೆ ಪಾತ್ರವಿದೆ. ಖಿನ್ನತೆಯಲ್ಲಿ ಈ ತಕ್ಕಡಿ ಕೆಡುತ್ತದೆ. ಮುಖ ತೊಳೆಯುವುದೂ ಬೆಟ್ಟ ಹತ್ತಿದಷ್ಟು ಭಾರವಾಗಿ ತೂಗುತ್ತದೆ, ಮೊಮ್ಮಗಳ ನಗು ಹುಲ್ಲುಕಡ್ಡಿಯಷ್ಟು ಹಗುರವಾಗಿ ತೂಗುತ್ತದೆ. ಹಾಗಾದಾಗ ಮಲಗಿರುವುದೇ ಲಾಭವೆಂದು ಕಾಣುವುದು ಸಹಜ. ಬುದ್ಧಿಗೆ ಎಲ್ಲ ಗೊತ್ತಿರುತ್ತದೆ. 'ಏಳಬೇಕು ಅಂತ ಗೊತ್ತು ಡಾಕ್ಟ್ರೇ, ಏಳಕ್ಕೇ ಆಗಲ್ಲ' ಎಂದು ರೋಗಿ ಹೇಳಿದರೆ ಅದು ನೆಪವಲ್ಲ, ಕಾಯಿಲೆಯ ನಿಖರವಾದ ವರ್ಣನೆ.

ಇಲ್ಲೊಂದು ಕುತೂಹಲದ ಸಂಗತಿಯಿದೆ. ಹೆಚ್ಚಿನವರಲ್ಲಿ ಮುಂಗಡ ಲೆಕ್ಕ ಕೆಟ್ಟಷ್ಟು ಅನುಭವ ಕೆಟ್ಟಿರುವುದಿಲ್ಲ. 'ಏನೂ ಚೆನ್ನಾಗಿರಲ್ಲ' ಎಂದು ಗೊಣಗುತ್ತಾ ಹೋದವರು ಹೋಗಿ ಬಂದ ಮೇಲೆ 'ಪರವಾಗಿಲ್ಲ, ಅಂದುಕೊಂಡಷ್ಟು ಕಷ್ಟ ಆಗಲಿಲ್ಲ' ಎನ್ನುವುದು ಸಾಮಾನ್ಯ. ಆದರೆ ಮಲಗಿಯೇ ಇದ್ದರೆ ತಕ್ಕಡಿ ತಪ್ಪು ತೂಗುತ್ತಿದೆ ಎಂಬುದು ಗೊತ್ತಾಗುವ ಅವಕಾಶವೇ ಬರುವುದಿಲ್ಲ. ಕೆಲಸ ಬಿಟ್ಟಷ್ಟೂ ಸುಖ ಕೊಡುವ ಸಂದರ್ಭಗಳು ಕಡಿಮೆಯಾಗುತ್ತವೆ, ಅವು ಕಡಿಮೆಯಾದಷ್ಟೂ ಮನಸ್ಸು ಇನ್ನೂ ಕುಗ್ಗುತ್ತದೆ, ಕುಗ್ಗಿದಷ್ಟೂ ಕೆಲಸ ಬಿಡುತ್ತಾರೆ. ನೀರು ಬಂದ ಮೇಲೂ ನಮ್ಮ ರೈತರು ಏಳದಿದ್ದುದಕ್ಕೆ ಕಾರಣ ಇದೇ. ಕಾಯಿಲೆಗೆ ಕಿಡಿ ಹಚ್ಚಿದ್ದು ಬರ. ಹೊತ್ತಿಕೊಂಡ ಮೇಲೆ ಅದು ತನ್ನ ಉರುವಲನ್ನು ತಾನೇ ಹುಡುಕಿಕೊಂಡಿತ್ತು.

ಹಳೆಯ ತೆರೆದ ಬಾವಿಯ ಪಂಪ್‌ಸೆಟ್ಟು ನಡೆಸಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕೊಳವೆಯಲ್ಲಿ ಗಾಳಿ ತುಂಬಿದ್ದರೆ ಮೋಟಾರು ಎಷ್ಟು ಹೊತ್ತು ತಿರುಗಿದರೂ ನೀರೆತ್ತುವುದಿಲ್ಲ. ಮೊದಲು ಮೇಲಿನಿಂದ ನಾಲ್ಕು ಕೊಡ ನೀರು ಸುರಿಯಬೇಕು. ಆಮೇಲೆ ಅದೇ ಎತ್ತುತ್ತದೆ. ಉತ್ಸಾಹವೂ ಹೀಗೆಯೇ. ಉತ್ಸಾಹ ಬಂದ ಮೇಲೆ ಕೆಲಸ ಮಾಡುತ್ತೇನೆ ಎಂದು ಕಾದರೆ ಖಿನ್ನತೆಯಲ್ಲಿ ಅದು ಬರುವುದೇ ಇಲ್ಲ. ಮನಸ್ಸಿಲ್ಲದಿದ್ದರೂ ಚಿಕ್ಕದೊಂದು ಕೆಲಸ ಮೊದಲು ಮಾಡಬೇಕು, ಉತ್ಸಾಹ ಅದರ ಹಿಂದೆ ಬರುತ್ತದೆ.

ಇದು ಬರೀ ನನ್ನ ಅನುಭವದ ಮಾತಲ್ಲ. ಮನೋವಿಜ್ಞಾನದಲ್ಲಿ ಇದಕ್ಕೆ ಬಿಹೇವಿಯರಲ್ ಆ್ಯಕ್ಟಿವೇಶನ್ ಎಂಬ ಹೆಸರಿದೆ. ಚಟುವಟಿಕೆ ಚಿಕಿತ್ಸೆ ಎಂದು ಕರೆಯೋಣ. ನಮ್ಮ ಪಕ್ಕದ ಗೋವಾದಲ್ಲಿ ಸಂಗಾತ್ ಎಂಬ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ ಸುಮಾರು 500 ಖಿನ್ನತೆ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಚಿಕಿತ್ಸೆ ಕೊಟ್ಟವರು ವೈದ್ಯರಲ್ಲ, ಮನೋವಿಜ್ಞಾನಿಗಳೂ ಅಲ್ಲ. ತರಬೇತಿ ಪಡೆದ ಸಾಮಾನ್ಯ ಸ್ಥಳೀಯರು. ಆರೆಂಟು ಭೇಟಿ, ಒಂದೊಂದು ಭೇಟಿ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು. ಮೂರು ತಿಂಗಳ ನಂತರ ನೋಡಿದಾಗ ಈ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 64 ಜನರಲ್ಲಿ ಖಿನ್ನತೆ ಇಳಿದಿತ್ತು. ಮಾಮೂಲಿ ಚಿಕಿತ್ಸೆಯಷ್ಟೇ ದೊರೆತವರಲ್ಲಿ 39 ಜನರಿಗೆ ಮಾತ್ರ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಈ ಅಧ್ಯಯನ 2017ರಲ್ಲಿ ಅಚ್ಚಾಯಿತು. ಸಂಗಾತ್ ಎಂಬ ಕೊಂಕಣಿ ಹೆಸರಿಗೂ ನಮ್ಮ ಸಂಗಾತಿಗೂ ನಂಟಿದೆ, ಕೆಲಸಕ್ಕೆ ತಕ್ಕ ಹೆಸರು.

ಡೈರಿಗೆ ಹಾಲು

ನಮ್ಮ ರೈತರಿಗೆ ಏನು ಮಾಡಿದೆವು? ಮೊದಲ ವಾರ ಏನನ್ನೂ ಬದಲಿಸಲಿಲ್ಲ. ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂಭಾಗದಲ್ಲಿ ಅವರು ಯಾವ ಹೊತ್ತಿನಲ್ಲಿ ಏನು ಮಾಡಿದರು, ಆಗ ಮನಸ್ಸು ಹೇಗಿತ್ತು ಎಂದು ಬರೆಯುವಂತೆ ಮಗನಿಗೆ ಹೇಳಿದೆ. ಮುಂದಿನ ವಾರ ಆ ಹಾಳೆ ನೋಡಿದಾಗ ಒಂದು ವಿಷಯ ತಿಳಿಯಿತು. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ, ಅಲ್ಲಿಂದ ಹನ್ನೊಂದರವರೆಗೆ ತೀರಾ ಕೆಟ್ಟ ಹೊತ್ತು. ಸಂಜೆ ಐದರ ನಂತರ ತುಸು ಹಗುರ. ತೀವ್ರ ಖಿನ್ನತೆಯಲ್ಲಿ ಹೀಗಾಗುವುದು ಸಾಮಾನ್ಯ. ಮನೆಯವರು ಇಷ್ಟು ದಿನ ಬೆಳಿಗ್ಗೆ ಆರಕ್ಕೆ ಅವರ ಕಂಬಳಿ ಎಳೆದು ಎಬ್ಬಿಸುವ ಪ್ರಯತ್ನ ಮಾಡುತ್ತಿದ್ದರು! ಕೆಟ್ಟ ಹೊತ್ತಿನಲ್ಲೇ ಜಗಳ, ಹಗುರಾದ ಹೊತ್ತಿನಲ್ಲಿ ಯಾರೂ ಕೇಳುವವರಿಲ್ಲ.

ಆದ್ದರಿಂದ ಸಂಜೆಯಿಂದ ಆರಂಭಿಸಿದೆವು. ಅವರ ಮನೆಯಲ್ಲಿ ಎರಡು ಹಸುಗಳಿದ್ದವು. ಮೊದಲ ಮೂರು ದಿನ ಸಂಜೆ ಐದೂವರೆಗೆ ಎದ್ದು ಬಂದು ಜಗಲಿಯ ಮೇಲೆ ಕೂತು ಚಹಾ ಕುಡಿಯುವುದು, ಅಷ್ಟೇ. ನಂತರ ಹಸುವಿಗೆ ಒಂದು ಬಕೆಟ್ ನೀರು ಇಡುವುದು. ಎರಡನೆಯ ವಾರದ ಕೊನೆಗೆ ಹೆಂಡತಿಯ ಜೊತೆ ನಡೆದು ಸಂಜೆಯ ಹಾಲನ್ನು ಊರಿನ ಡೈರಿಗೆ ಹಾಕಿ ಬರುವುದು. ಡೈರಿಯನ್ನು ಆರಿಸಿದ್ದಕ್ಕೆ ಕಾರಣವಿದೆ. ಅದಕ್ಕೆ ನಿಗದಿತ ಹೊತ್ತಿದೆ, 'ಆಮೇಲೆ ನೋಡೋಣ' ಎನ್ನುವಂತಿಲ್ಲ. ಹೋಗಿ ಬರಲು ಇಪ್ಪತ್ತು ನಿಮಿಷದ ನಡಿಗೆ. ಅಲ್ಲಿ ನಾಲ್ಕು ಜನ ಸಿಗುತ್ತಾರೆ, ಆದರೆ ಸರದಿಯಲ್ಲಿ ನಿಂತಾಗ ಹೆಚ್ಚು ಮಾತಾಡಲೇಬೇಕಿಲ್ಲ. ಕೆಲಸ ಮುಗಿದದ್ದಕ್ಕೆ ಕೈಯಲ್ಲಿ ಚೀಟಿಯೂ ಬರುತ್ತದೆ.

ಪ್ರತಿ ಬಾರಿ ಹೊರಡುವ ಮುನ್ನ 'ಇವತ್ತು ಹೇಗಿರಬಹುದು' ಎಂದು ಹತ್ತಕ್ಕೆ ಅಂಕ ಹಾಕಿಸುತ್ತಿದ್ದೆವು, ಬಂದ ಮೇಲೆ 'ಹೇಗಿತ್ತು' ಎಂದು ಮತ್ತೆ ಅಂಕ. ಮೊದಮೊದಲು ಹೋಗುವ ಮುನ್ನ ಸೊನ್ನೆ, ಬಂದ ಮೇಲೆ ಎರಡು. ಎರಡು ದೊಡ್ಡದಲ್ಲ. ಆದರೆ ಸೊನ್ನೆಯಲ್ಲ ಎಂಬುದನ್ನು ತಮ್ಮ ಕೈಬರಹದಲ್ಲೇ ಅವರು ಕಂಡರು. ತಕ್ಕಡಿ ಕೆಟ್ಟಿದೆ ಎಂದು ನಾನು ನೂರು ಸಲ ಹೇಳುವುದಕ್ಕಿಂತ ಅದು ಹೆಚ್ಚು ನಾಟಿತು.

ಎಲ್ಲವೂ ನೇರವಾಗಿ ನಡೆಯಲಿಲ್ಲ. ನಾಲ್ಕನೆಯ ವಾರ ಯಾರೋ ಬಂಧು ಬಂದು ಸಾಲದ ಮಾತೆತ್ತಿ ಹೋದರು. ಐದು ದಿನ ಮತ್ತೆ ಮಲಗಿದರು. ಮಗ ನಿರಾಶನಾಗಿ ಫೋನ್ ಮಾಡಿದ. ಡೈರಿ ಬಿಡಿ, ಮತ್ತೆ ಜಗಲಿಯ ಚಹಾದಿಂದ ಶುರು ಮಾಡಿ ಎಂದೆ. ಹಿಂದೆ ಬಿದ್ದಾಗ ಮೊದಲ ಮೆಟ್ಟಿಲಿಗೆ ಬಂದು ನಿಲ್ಲುವುದು ಸೋಲಲ್ಲ. ಎರಡನೆಯ ಸಲ ಮೆಟ್ಟಿಲು ಬೇಗ ಹತ್ತುತ್ತಾರೆ.

ಓದುಗರು ತಮ್ಮ ಮನೆಗೆ ಹೊಂದುವಂಥದನ್ನು ಆರಿಸಿಕೊಳ್ಳಬೇಕು. ದೊಡ್ಡದನ್ನು ಆರಿಸುವುದೇ ಎಲ್ಲರೂ ಮಾಡುವ ತಪ್ಪು. 'ನಾಳೆಯಿಂದ ಬೆಳಿಗ್ಗೆ ಐದಕ್ಕೆದ್ದು ಯೋಗ' ಎಂಬ ಸಂಕಲ್ಪ ಮೂರನೆಯ ದಿನ ಮುರಿಯುತ್ತದೆ, ಮುರಿದ ಮೇಲೆ 'ನೋಡು, ನನ್ನಿಂದ ಇದೂ ಆಗಲಿಲ್ಲ' ಎಂಬ ಕೊರಗು ಸೇರಿಕೊಳ್ಳುತ್ತದೆ. ಚಿತ್ರದುರ್ಗದಲ್ಲಿ ರೂಮು ಮಾಡಿಕೊಂಡು ಪಿಯುಸಿ ಓದುತ್ತಿದ್ದ ಹುಡುಗನೊಬ್ಬನಿಗೆ ನಾನು ಹೇಳಿದ್ದು 'ದಿನಕ್ಕೆ ಹತ್ತು ನಿಮಿಷ ಪುಸ್ತಕ ತೆರೆದಿಟ್ಟು ಕೂರು, ಓದದಿದ್ದರೂ ಪರವಾಗಿಲ್ಲ' ಎಂದು. ಅವನ ತಂದೆಗೆ ನನ್ನ ಮೇಲೆ ಕೋಪ ಬಂತು. ಹತ್ತು ನಿಮಿಷದಲ್ಲಿ ಯಾರು ಪಾಸಾಗುತ್ತಾರೆ ಎಂಬುದು ಅವರ ವಾದ. ಆದರೆ ಆ ಹುಡುಗ ಆಗ ಎರಡು ತಿಂಗಳಿಂದ ಪುಸ್ತಕವನ್ನೇ ಮುಟ್ಟಿರಲಿಲ್ಲ. ಮೊಬೈಲಿನ ಬಗ್ಗೆಯೂ ಒಂದು ಮಾತು. ಮಲಗಿಕೊಂಡು ಗಂಟೆಗಟ್ಟಲೆ ಬೆರಳಾಡಿಸುವುದನ್ನು ಚಟುವಟಿಕೆ ಎಂದು ಲೆಕ್ಕ ಹಿಡಿಯಬೇಡಿ.

ಮನೆಯವರ ನಾಲಿಗೆ

ಹೊಳಲ್ಕೆರೆಯ ಕಡೆಯ ಒಬ್ಬ ತಾಯಿ ನೆನಪಿಗೆ ಬರುತ್ತಾರೆ. ಎರಡನೆಯ ಹೆರಿಗೆಯಾಗಿ ಮೂರು ತಿಂಗಳು. ಮಗುವಿಗೆ ಹಾಲೂಡಿಸಿ ಗೋಡೆ ನೋಡುತ್ತಾ ಕೂರುತ್ತಿದ್ದರು. ತಲೆ ಬಾಚಿಕೊಳ್ಳುತ್ತಿರಲಿಲ್ಲ, ದೊಡ್ಡ ಮಗಳು ಮಾತಾಡಿಸಿದರೂ ಉತ್ತರವಿಲ್ಲ. ಅತ್ತೆ ಒಳ್ಳೆಯವರೇ. ಆದರೆ ದಿನವೂ ಹೇಳುತ್ತಿದ್ದದ್ದು ಒಂದೇ: 'ಹಾಲಿನಂಥಾ ಗಂಡ, ಮುದ್ದಾದ ಕೂಸು, ನಿನಗೇನಮ್ಮ ಕಡಿಮೆಯಾಗಿದೆ? ಮನಸ್ಸು ಗಟ್ಟಿ ಮಾಡ್ಕೋ.' ಈ ಮಾತಿನಲ್ಲಿ ಪ್ರೀತಿಯಿದೆ, ಆದರೆ ಕೇಳಿಸಿಕೊಂಡವಳಿಗೆ ಅದು 'ಇಷ್ಟೆಲ್ಲಾ ಇದ್ದೂ ಹೀಗಿರುವ ನೀನು ಪಾಪಿ' ಎಂದೇ ಕೇಳಿಸುತ್ತದೆ. ಕಾಲು ಮುರಿದವನಿಗೆ ಕಾಲು ಗಟ್ಟಿ ಮಾಡ್ಕೋ ಎನ್ನುತ್ತೇವೆಯೇ? ಬಾಣಂತಿಯಲ್ಲಿ ಇಂಥ ಖಿನ್ನತೆ ಬರುವುದು ಅಪರೂಪವಲ್ಲ. ಅದನ್ನು ಗಾಳಿ ಸೋಕಿದ್ದು, ನಂಜು ಎಂದು ತಳ್ಳಿಹಾಕಿ ತಿಂಗಳುಗಟ್ಟಲೆ ಕಳೆಯುವುದು ತಾಯಿಗೂ ಕೂಸಿಗೂ ಅಪಾಯ.

ಆ ಅತ್ತೆಗೆ ನಾನು ಕೇಳಿಕೊಂಡದ್ದು ಉಪದೇಶ ನಿಲ್ಲಿಸಿ ಜೊತೆ ಕೊಡಿ ಎಂದು. 'ಏಳು' ಎನ್ನುವ ಬದಲು 'ಬಾ ಮಗಳೇ, ಇಬ್ಬರೂ ಸೊಪ್ಪು ಬಿಡಿಸೋಣ' ಎಂದು ಮೊರ ಮುಂದಿಟ್ಟುಕೊಂಡು ಕೂರುವುದು. ಸೊಸೆ ಎರಡೇ ಎಲೆ ಬಿಡಿಸಿದರೂ ಸರಿ. ಹಾಗೆಂದು ಚಿಕ್ಕ ಮಗುವನ್ನು ಹೊಗಳಿದಂತೆ 'ಅಯ್ಯೋ ಎಷ್ಟು ಚೆನ್ನಾಗಿ ಬಿಡಿಸಿದೆ' ಎನ್ನಬಾರದು, ದೊಡ್ಡವರಿಗೆ ಅದು ಅವಮಾನ. ಇನ್ನು ಕೆಲವು ಮನೆಗಳಲ್ಲಿ ಇದರ ವಿರುದ್ಧದ ತಪ್ಪು ನಡೆಯುತ್ತದೆ. ಕರುಣೆಯಿಂದ ಎಲ್ಲ ಕೆಲಸವನ್ನೂ ತಾವೇ ಮಾಡಿ, ತಟ್ಟೆಯನ್ನೂ ಹಾಸಿಗೆಗೇ ತಂದುಕೊಟ್ಟು, ರೋಗಿ ಏಳಲು ಇರುವ ಒಂದೇ ಕಾರಣವನ್ನೂ ಇಲ್ಲವಾಗಿಸುತ್ತಾರೆ. ಊಟಕ್ಕಾದರೂ ಎದ್ದು ಬರಲಿ, ತಟ್ಟೆ ಅಡುಗೆಮನೆಯಲ್ಲೇ ಇರಲಿ.

ಹರಕೆ, ಪೂಜೆ, ಯಂತ್ರ ಕಟ್ಟಿಸುವುದರ ಬಗ್ಗೆ ನನ್ನನ್ನು ಕೇಳುತ್ತಾರೆ. ದೇವಸ್ಥಾನಕ್ಕೆ ಹೋಗುವುದು ನನ್ನ ಲೆಕ್ಕದಲ್ಲಿ ಒಳ್ಳೆಯ ಚಟುವಟಿಕೆ, ಮನೆಯಿಂದ ಹೊರಗೆ ಕಾಲಿಟ್ಟಂತಾಯಿತು. ಮಾಟ ತೆಗೆಸುವೆನೆಂದು ಹೊಡೆಯುವವರ, ಸಾವಿರಗಟ್ಟಲೆ ಕೇಳುವವರ ಹತ್ತಿರ ಹೋಗಬೇಡಿ. ಗುಳಿಗೆಯನ್ನಂತೂ ಯಾರು ಹೇಳಿದರೂ ನಿಲ್ಲಿಸಬೇಡಿ.

ಗುಳಿಗೆಯ ವಿಚಾರ

ಸೌಮ್ಯ ಖಿನ್ನತೆಗೆ ಮೇಲೆ ಹೇಳಿದ ಕ್ರಮ, ಆಪ್ತಸಲಹೆ ಸಾಕಾಗಬಹುದು. ತೀವ್ರವಾದಾಗ ಗುಳಿಗೆ ಬೇಕು. ನಮ್ಮ ರೈತರಿಗೂ ಕೊಟ್ಟೆ. ಖಿನ್ನತೆಯ ಗುಳಿಗೆಯ ಬಗ್ಗೆ ಜನರಲ್ಲಿರುವ ಮೊದಲ ಭಯ ಅದು ಚಟವಾಗುತ್ತದೆ ಎಂಬುದು. ಚಟವಾಗುವುದು ಅಂಗಡಿಯಲ್ಲಿ ಚೀಟಿಯಿಲ್ಲದೆ ಕೇಳಿ ಪಡೆಯುವ ನಿದ್ದೆ ಗುಳಿಗೆ. ಫ್ಲುಆಕ್ಸೆಟಿನ್, ಸರ್ಟ್ರಾಲಿನ್, ಎಸಿಟಲೊಪ್ರಾಂ ಮುಂತಾದ ಖಿನ್ನತೆಯ ಔಷಧಗಳು ಆ ಗುಂಪಿನವಲ್ಲ. ಆದರೆ ಇವನ್ನೂ ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಬರಬಹುದಾದ್ದರಿಂದ ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.

ಎರಡನೆಯದು, ಇವು ಜ್ವರದ ಗುಳಿಗೆಯಂತೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ಮೊದಲ ವಾರ ಹೊಟ್ಟೆ ತೊಳಸುವುದು, ತಲೆನೋವು ಮಾತ್ರ ಕಾಣಬಹುದು, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ನನ್ನ ರೋಗಿಗಳಲ್ಲಿ ಗುಳಿಗೆ ಬಿಟ್ಟವರು ಹೆಚ್ಚಾಗಿ ಹತ್ತನೆಯ ದಿನದ ಆಸುಪಾಸಿನಲ್ಲೇ ಬಿಟ್ಟಿರುತ್ತಾರೆ. ಪೂರ್ತಿ ಚೇತರಿಸಿಕೊಂಡ ಮೇಲೂ ಕನಿಷ್ಠ ಆರೇಳು ತಿಂಗಳು ಮುಂದುವರಿಸಬೇಕು, ಇಲ್ಲವಾದರೆ ಮರುಕಳಿಸುವ ಸಂಭವ ಹೆಚ್ಚು. ಕೆಲವರಿಗೆ ದುಃಖ ಕಡಿಮೆಯಾಗಿ ಭಾವನೆಗಳೇ ಮರಗಟ್ಟಿದಂತೆ ಅನಿಸುವುದುಂಟು. ಅದು ಗುಳಿಗೆಯಿಂದಲೂ ಇರಬಹುದು, ವೈದ್ಯರಿಗೆ ಹೇಳಿದರೆ ಪ್ರಮಾಣ ಅಥವಾ ಔಷಧ ಬದಲಿಸುತ್ತಾರೆ. ಇನ್ನು ಕೆಲವರು ಗುಳಿಗೆ ಶುರುವಾದ ಮೇಲೆ ನಿದ್ದೆಯೇ ಇಲ್ಲದೆ ವಿಪರೀತ ಮಾತು, ವಿಪರೀತ ಖರ್ಚು, ವಿಪರೀತ ಯೋಜನೆಗಳಲ್ಲಿ ತೊಡಗಿದರೆ ಅದನ್ನು ಗುಣವಾಯಿತೆಂದು ಸಂತೋಷಪಡದೆ ತಕ್ಷಣ ತಿಳಿಸಬೇಕು.

ಇನ್ನೊಂದು ಅತಿಮುಖ್ಯ ಸಂಗತಿ. ಮೈಯ ಜಡತ್ವ ಮೊದಲು ಬಿಟ್ಟು, ಮನಸ್ಸಿನ ನಿರಾಶೆ ಆಮೇಲೆ ಬಿಡುವುದುಂಟು. ಈ ನಡುವಿನ ವಾರಗಳಲ್ಲಿ ಸಾಯುವ ಯೋಚನೆಯಿದ್ದವರಿಗೆ ಅದನ್ನು ಮಾಡುವ ಶಕ್ತಿಯೂ ಬಂದಂತಾಗುತ್ತದೆ. ಹೀಗಾಗಿ 'ಈಗ ಎದ್ದು ಓಡಾಡುತ್ತಿದ್ದಾರೆ' ಎಂದು ಮನೆಯವರು ಮೈಮರೆಯಬಾರದು. 'ಬದುಕು ಸಾಕು ಅನ್ನಿಸ್ತಿದೆಯಾ?' ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಬಂದುಬಿಡುತ್ತದೆ ಎಂಬುದು ತಪ್ಪು ಕಲ್ಪನೆ. ಬಹಳ ಜನರಿಗೆ ಹೇಳಿಕೊಂಡು ಹಗುರಾಗುತ್ತದೆ. ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಿ ಅಟ್ಟದ ಮೇಲೆ, ಮಂಚದ ಕೆಳಗೆ ಇರುತ್ತದೆ. ಖಿನ್ನತೆಯವರಿರುವ ಮನೆಯಲ್ಲಿ ಅದು ಇರಲೇಬಾರದು. ಇರಲೇಬೇಕಾದರೆ ಬೀಗದೊಳಗೆ, ಬೀಗದಕೈ ಬೇರೆಯವರ ಹತ್ತಿರ. ರೋಗಿಯ ಗುಳಿಗೆಗಳೂ ವಾರಕ್ಕೆ ಬೇಕಾದಷ್ಟೇ ಮನೆಯಲ್ಲಿರಲಿ, ಅವೂ ಮನೆಯವರ ಕೈಯಲ್ಲಿರಲಿ.

ಎಲ್ಲಿಗೆ ಹೋಗಬೇಕು

ಮನೋವೈದ್ಯರೆಂದರೆ ಬೆಂಗಳೂರಿಗೇ ಹೋಗಬೇಕು ಎಂದು ಅನೇಕರು ತಿಳಿದಿದ್ದಾರೆ. 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು, ಹಳ್ಳಿಯಲ್ಲೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಸಾಧ್ಯವೆಂದು ತೋರಿಸಿದರು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಇಂದು ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಿದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯವರು ತಮ್ಮಲ್ಲಿ ಯಾವ ವಾರ ಎಂದು ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯರಲ್ಲೋ ವಿಚಾರಿಸಿ ಹೋಗುವುದು ಉತ್ತಮ. ಅಲ್ಲಿಯವರೆಗೂ ಕಾಯದೆ ಹತ್ತಿರದ ಯಾವುದೇ ವೈದ್ಯರಿಗೆ ತೋರಿಸಿ ಚಿಕಿತ್ಸೆ ಆರಂಭಿಸಬಹುದು. ಮಾತಾಡಲು ಯಾರೂ ಇಲ್ಲವೆನಿಸಿದಾಗ, ಸಾಯುವ ಯೋಚನೆ ಬಂದಾಗ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿಯಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಮನೆಯವರೂ ಸಲಹೆ ಕೇಳಬಹುದು.

ನಮ್ಮ ರೈತರು ನಾಲ್ಕು ತಿಂಗಳ ನಂತರ ಒಬ್ಬರೇ ಬಸ್ಸು ಹತ್ತಿ ತಪಾಸಣೆಗೆ ಬಂದರು. 2023ರ ತೇರುಮಲ್ಲೇಶ್ವರ ಜಾತ್ರೆಯ ದಿನಗಳವು, ಹಿರಿಯೂರಿನ ಬೀದಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನರ ನಡುವೆ ನಿಲ್ಲಲು ಇನ್ನೂ ಆಗುವುದಿಲ್ಲ, ದೂರದಿಂದ ಕೈ ಮುಗಿದು ಬಂದೆ ಎಂದರು. ಮಗ ತಂದಿಟ್ಟ ಸಸಿಗಳಲ್ಲಿ ಕೆಲವು ಒಣಗಿದ್ದವಂತೆ, ಉಳಿದವನ್ನು ಅಪ್ಪ ಮಗ ಸೇರಿ ನೆಟ್ಟಿದ್ದಾರೆ. ಗುಳಿಗೆ ಇನ್ನೆಷ್ಟು ದಿನ ಎಂದು ಕೇಳಿದರು. ಮಳೆಗಾಲ ಕಳೆಯುವವರೆಗೆ ಬಿಡಬೇಡಿ ಎಂದು ಚೀಟಿ ಬರೆದುಕೊಟ್ಟೆ. ಸಂಜೆಯ ಡೈರಿಗೆ ಹೊತ್ತಾಗುತ್ತದೆ ಎಂದು ಬೇಗ ಎದ್ದರು.